ಹಣದ ಜತೆಗೆ ಬರಬೇಕಾದ ವಿದ್ಯೆ

ಕಳೆದ ವಾರ ತರಗತಿಯಲ್ಲಿ ಗುಜರಾತಿನ ಸಾನಂದ್‌ನಲ್ಲಿರುವ, ಅಮೆರಿಕದ ಚಿಪ್ ಕಂಪನಿ ಮೈಕ್ರಾನ್‌ನ ಘಟಕದ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ಚಿಪ್‌ಗಳನ್ನು ಜೋಡಿಸಿ ಪರೀಕ್ಷಿಸುವ ಆ ಯೋಜನೆ 2023ರ ಜೂನ್‌ನಲ್ಲಿ ಘೋಷಣೆಯಾದಾಗ ಅದರ ಒಟ್ಟು ವೆಚ್ಚವನ್ನು 275 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು, ಶೇ 20ರಷ್ಟು ಗುಜರಾತ್ ಸರ್ಕಾರದ್ದು. ಕಂಪನಿಯ ಪಾಲು ಹೆಚ್ಚೆಂದರೆ 82.5 ಕೋಟಿ ಡಾಲರ್. ಜಗಳೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ನೂರರಲ್ಲಿ ಎಪ್ಪತ್ತು ರೂಪಾಯಿ ನಮ್ಮದೇ ಅಂದಮೇಲೆ ಇದನ್ನ ವಿದೇಶಿ ಬಂಡವಾಳ ಅಂತ ಯಾಕೆ ಕರೀತಾರೆ?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ಬಾಕಿ ಉಳಿದಿದೆ.

ಈ ಉದ್ಯಮದಲ್ಲಿ ಹಣಕ್ಕಿಂತ ದುರ್ಲಭವಾದದ್ದು ಪಳಗಿದ ಕೈ. ಒಂದು ವೇಫರ್‌ನಿಂದ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್‌ನ ತೆಳು ಬಿಲ್ಲೆ) ದೋಷವಿಲ್ಲದ ಚಿಪ್‌ಗಳನ್ನು ಹೆಚ್ಚು ಹೆಚ್ಚಾಗಿ ತೆಗೆಯುವ ಬಗೆ ಯಾವ ಪಠ್ಯದಲ್ಲಿಯೂ ಪೂರ್ತಿಯಾಗಿ ಸಿಗುವುದಿಲ್ಲ. ವರ್ಷಗಟ್ಟಲೆ ಮಾಡಿ, ಕೆಡಿಸಿ, ತಿದ್ದಿಕೊಂಡವರ ಬಳಿ ಮಾತ್ರ ಅದು ಇರುತ್ತದೆ. ಅಂಥವರನ್ನು ಕರೆತರಲು ಸಹಾಯಧನ ಕೊಡುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಆ ವಿದ್ಯೆ ನಮ್ಮ ಹುಡುಗ ಹುಡುಗಿಯರ ಕೈಗೆ ದಾಟುವುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.

ನಮ್ಮ ತಂದೆಯವರು ದಾವಣಗೆರೆಯ ಕಾಟನ್ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದರು. ಹೊರದೇಶದಿಂದ ಬಂದ ನೂಲುವ ಯಂತ್ರ ನಿಂತುಹೋದರೆ ತಾವೇ ಬಿಚ್ಚಿ, ಸವೆದ ಭಾಗವನ್ನು ಲೇತ್‌ನಲ್ಲಿ ಹೊಸದಾಗಿ ಮಾಡಿಸಿ ಕೂಡಿಸುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೂ ನಮ್ಮ ಮನೆ ನಡೆದದ್ದು, ನಾನು ಓದಿದ್ದು ಅವರ ಆ ದುರಸ್ತಿ ವಿದ್ಯೆಯಿಂದ.

ತೈವಾನ್ 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ತಂತ್ರಜ್ಞಾನವನ್ನು ಪಡೆದಾಗ ತನ್ನ ಎಂಜಿನಿಯರುಗಳನ್ನೇ ಅಲ್ಲಿಗೆ ಕಲಿಯಲು ಕಳುಹಿಸಿತು. 1987ರಲ್ಲಿ ಮಾರಿಸ್ ಚಾಂಗ್ ಅವರ ನೇತೃತ್ವದಲ್ಲಿ ಚಿಪ್ ತಯಾರಿಸುವ ಟಿಎಸ್ಎಂಸಿ ಕಂಪನಿ ಅಲ್ಲಿ ಸ್ಥಾಪನೆಯಾದಾಗ ನೆದರ್ಲೆಂಡ್ಸ್‌ನ ಫಿಲಿಪ್ಸ್ ಶೇ 27.5ರಷ್ಟು ಪಾಲು ಪಡೆದು, ಹಣದೊಂದಿಗೆ ತಂತ್ರಜ್ಞಾನವನ್ನೂ ತಂದಿತು. ಕೋಸ್ಟರಿಕಾದ ಅನುಭವ ಬೇರೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಚಿಪ್ ಜೋಡಣೆಯನ್ನು ಆರಂಭಿಸಿದ್ದ ಇಂಟೆಲ್, 2014ರಲ್ಲಿ ಆ ಕೆಲಸವನ್ನು ಏಷ್ಯಾಕ್ಕೆ ಸ್ಥಳಾಂತರಿಸುವುದಾಗಿ ಹೇಳಿತು; ಸುಮಾರು 1,500 ಮಂದಿಯ ಕೆಲಸ ಹೋಯಿತು, ಎಂಜಿನಿಯರಿಂಗ್ ಕೇಂದ್ರ ಮಾತ್ರ ಅಲ್ಲಿಯೇ ಉಳಿಯಿತು. ಗುಜರಾತಿನ ಧೋಲೇರಾದಲ್ಲಿ 91,000 ಕೋಟಿ ರೂಪಾಯಿಯ ಫ್ಯಾಬ್ (ಚಿಪ್ ತಯಾರಿಸುವ ಕಾರ್ಖಾನೆ) ಕಟ್ಟಲು ಮುಂದಾದ ಟಾಟಾ ಸಂಸ್ಥೆ ತೈವಾನಿನ ಚಿಪ್ ಕಂಪನಿ ಪಿಎಸ್ಎಂಸಿಯೊಂದಿಗೆ ತಂತ್ರಜ್ಞಾನದ ವರ್ಗಾವಣೆಗೆ ಒಪ್ಪಂದ ಮಾಡಿಕೊಂಡಿರುವುದರಿಂದಲೇ ಅದರ ಮೇಲೆ ನನಗೆ ಹೆಚ್ಚು ಭರವಸೆ.

ನಮ್ಮ ಭಾಗಕ್ಕೂ ಒಂದು ಫ್ಯಾಬ್ ಬರಲಿ ಎನ್ನುವ ಗೆಳೆಯರಿದ್ದಾರೆ. ಅತಿ ಶುದ್ಧ ನೀರನ್ನು ಅಪಾರವಾಗಿ ಬೇಡುವ ಕಾರ್ಖಾನೆಯನ್ನು, ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಳಿಂದ ಕಾದಿರುವ ಚಿತ್ರದುರ್ಗದ ರೈತರ ನಡುವೆ ತಂದಿಡಲು ನನ್ನ ಮನಸ್ಸು ಒಪ್ಪದು. ಬದಲಿಗೆ, ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಚಿಪ್‌ಗಳನ್ನು ಹೊದಿಕೆಯೊಳಗೆ ಕೂಡಿಸುವ ಪ್ಯಾಕೇಜಿಂಗ್ ಯಂತ್ರಗಳನ್ನು ಬಿಚ್ಚಿ ಜೋಡಿಸುವ ತರಬೇತಿಯನ್ನು ಅಲ್ಲಿ ಆರಂಭಿಸಿ, ಸರ್ಕಾರದ ಹಣ ಪಡೆಯುವ ಪ್ರತಿ ಕಂಪನಿಯೂ ಅಲ್ಲಿ ಕಲಿತ ಡಿಪ್ಲೊಮಾ ಮಕ್ಕಳನ್ನು ತನ್ನ ದುರಸ್ತಿ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂಬ ಷರತ್ತನ್ನು ಹಾಕಲಿ. ಸೋಮವಾರ ಆ ವಿದ್ಯಾರ್ಥಿನಿಗೆ ಇದನ್ನೇ ಹೇಳಬೇಕೆಂದಿದ್ದೇನೆ.