ಮಿಷಿಗನ್ನಿನ ಬೀಜಗಣಿತ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರವರೆಗೂ ಹೈಸ್ಕೂಲು ಮುಗಿಸಲು ರಾಜ್ಯವೇ ಕಡ್ಡಾಯ ಮಾಡಿದ್ದ ವಿಷಯ ಪೌರನೀತಿಯೊಂದೇ; ಉಳಿದದ್ದೆಲ್ಲ ಆಯಾ ಊರಿನ ಶಾಲಾಮಂಡಳಿಗೆ ಬಿಟ್ಟದ್ದಾಗಿತ್ತು. ಹೈಸ್ಕೂಲು ಓದಿದ್ದರೆ ಕಾರು ಕಾರ್ಖಾನೆಯಲ್ಲಿ ಒಳ್ಳೆಯ ಸಂಬಳ ಸಿಗುತ್ತಿದ್ದ ಕಾಲ ಮುಗಿಯುತ್ತ ಬಂದಾಗ, ಗವರ್ನರ್ ಜೆನಿಫರ್ ಗ್ರಾನ್‌ಹೋಮ್ ಸಹಿ ಹಾಕಿದ ಕಾನೂನು ಇಂಗ್ಲಿಷ್ ಮತ್ತು ಗಣಿತದಲ್ಲಿ ನಾಲ್ಕು ನಾಲ್ಕು, ವಿಜ್ಞಾನದಲ್ಲಿ ಮೂರು ಕ್ರೆಡಿಟ್‌ಗಳನ್ನು (ಒಂದು ಕ್ರೆಡಿಟ್ ಎಂದರೆ ಸುಮಾರು ಒಂದು ವರ್ಷದ ಪಾಠ) ಕಡ್ಡಾಯಗೊಳಿಸಿತು. ತಕರಾರು ಎದ್ದದ್ದು ಆ ಗಣಿತದಲ್ಲಿ ಸೇರಿದ್ದ ಎರಡನೆಯ ಹಂತದ ಬೀಜಗಣಿತದ ಮೇಲೆ: ವೆಲ್ಡಿಂಗ್ ಕಲಿಯಹೊರಟ ಹುಡುಗನಿಗೆ ಲಾಗರಿದಮ್ಮು, ಬಹುಪದೋಕ್ತಿಗಳು ಏಕೆಂಬ ವಾದ ಶಾಸನಸಭೆಯವರೆಗೂ ಹೋಗಿ, 2014ರಲ್ಲಿ ಅದರ ಬದಲಿಗೆ ವೃತ್ತಿಶಿಕ್ಷಣದ ಕೋರ್ಸನ್ನೂ ಒಪ್ಪುವ ಅವಕಾಶ ವಿಸ್ತಾರವಾಯಿತು. ಈ ಸಡಿಲಿಕೆ ನನಗೆ ಸರಿಯೆನಿಸುತ್ತದೆ, ಬಡವರ ಮಕ್ಕಳನ್ನು ಮಾತ್ರ ಆ ದಾರಿಗೆ ತಳ್ಳದಿದ್ದರೆ (ನಮ್ಮಲ್ಲೂ ಅದು ನಡೆಯುವುದೇ). ಕಷ್ಟದ ಗಣಿತವನ್ನು ಕಡ್ಡಾಯ ಮಾಡುವ ಸರ್ಕಾರ, ಅದನ್ನು ಚೆನ್ನಾಗಿ ಕಲಿಸಬಲ್ಲ ಮೇಷ್ಟ್ರನ್ನೂ ಪ್ರತಿ ಶಾಲೆಗೂ ಒದಗಿಸಬೇಕಾಗುತ್ತದೆ.