ಮಾರ್ಚ್ ಕಳೆದ ಮೇಲಿನ ಬಾವಿ ನೀರು

ಡಿಸೆಂಬರಿನ ಆ ಶನಿವಾರ ಕುಮಟಾದ ನಮ್ಮ ಹಳೇ ಮನೆ ನೋಡಲು ಗಿರಾಕಿ ಬರುವವರಿದ್ದರು. ಬೆಳಿಗ್ಗೆ ಏಳಕ್ಕೇ ಪೆನ್ಸಿಲ್ವೇನಿಯಾದಿಂದ ಮಗಳ ಫೋನ್. "ಆಯಿ, ನಾವು ತಗೊಳ್ಳಬೇಕೆಂದಿದ್ದ ಮನೆಯಲ್ಲಿ ರೇಡಾನ್ ಜಾಸ್ತಿ ಇದೆಯಂತೆ, ಅದರಿಂದ ವಿಕಿರಣ ಬರುತ್ತದಂತೆ" ಎಂದಳು.

ವಿಕಿರಣ ಅಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಕೈಗಾ. ಹತ್ತಿರ ಅಣುಸ್ಥಾವರ ಇದೆಯಾ ಎಂದು ಕೇಳಿದೆ. ಅದಲ್ಲ, ಇದು ನೆಲದೊಳಗಿಂದ ಬರುವ ಅನಿಲ ಎಂದಳು. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ಸವೆಯುತ್ತಾ ಹೋಗಿ ಇದು ಹುಟ್ಟುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. 1984ರಲ್ಲಿ ಅವಳಿರುವ ರಾಜ್ಯದಲ್ಲೇ ಸ್ಟ್ಯಾನ್ಲಿ ವಾಟ್ರಾಸ್ ಎಂಬ ಎಂಜಿನಿಯರ್ ಅಣುಸ್ಥಾವರಕ್ಕೆ ಕೆಲಸಕ್ಕೆ ಹೋದರೆ ವಿಕಿರಣದ ಅಲಾರಂ ಹೊಡೆಯುತ್ತಿತ್ತು. ಸ್ಥಾವರ ಇನ್ನೂ ಶುರುವೇ ಆಗಿರಲಿಲ್ಲ. ಹುಡುಕಿದರೆ, ಅದೆಲ್ಲ ಅಂಟಿಕೊಂಡು ಬಂದದ್ದು ಅವರ ಸ್ವಂತ ಮನೆಯಿಂದ! ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಬಿಟ್ಟರೆ ರೇಡಾನೇ ದೊಡ್ಡ ಕಾರಣ ಎಂದು ಕೇಳಿ ಕೈಕಾಲು ತಣ್ಣಗಾಯಿತು.

ಮಗಳು ನೋಡಿದ ಮನೆಯ ಕಿಟಕಿ ಬಾಗಿಲು ಮುಚ್ಚಿ, 12 ಗಂಟೆ ಕಳೆದ ಮೇಲೆ ನೆಲಮಾಳಿಗೆಯಲ್ಲಿ ಯಂತ್ರ ಇಟ್ಟು, 48 ಗಂಟೆ ಅಳೆದಿದ್ದರು. ಪಿಕೊಕ್ಯೂರಿ ಎಂಬುದು ವಿಕಿರಣದ ಅಳತೆ; ಅಲ್ಲಿ ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಸರಿಪಡಿಸಿ ಎನ್ನುತ್ತಾರೆ. ಇಲ್ಲಿ 9 ಬಂದಿತ್ತು. ಸರಿಪಡಿಸುವುದು ಕಷ್ಟವಲ್ಲ. ನೆಲಕ್ಕೆ ತೂತು ಕೊರೆದು, ಪೈಪ್ ಇಳಿಸಿ, ಫ್ಯಾನಿನಿಂದ ಅಡಿಯ ಗಾಳಿಯನ್ನು ಎಳೆದು ಮಾಡಿನ ಮೇಲಕ್ಕೆ ಬಿಡುತ್ತಾರೆ. ಫ್ಯಾನು ಹಗಲೂ ರಾತ್ರಿ ಓಡಬೇಕು, ಅಷ್ಟೇ. ಮಗಳ ಸಿಟ್ಟು ಬೇರೆಯದಕ್ಕೆ. ಮಾರುವವರು ಹಿಂದೆಯೇ ಒಮ್ಮೆ ಅಳೆಸಿದ್ದರು. ಹೇಳಿರಲಿಲ್ಲ.

ನಮ್ಮದು ಚಿರೆಕಲ್ಲಿನ ಮನೆ. ಹೆಂಚಿನ ಸಂದಿಯಲ್ಲೂ ಗಾಳಿ ಆಡುತ್ತದೆ. ಚಳಿಗೆ ಮುಚ್ಚಿಟ್ಟ ಅಲ್ಲಿಯ ಮನೆಗಳ ಹಾಗಲ್ಲ. ಆದರೆ ಗಜನಿಯ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಯ, ಅಂಚಿನಲ್ಲಿರುವ ನಮ್ಮ ಬಾವಿ? ಮಾರ್ಚ್ ಕಳೆಯುತ್ತಿದ್ದಂತೆ ಅದಕ್ಕೆ ಉಪ್ಪು ಇಳಿಯುತ್ತದೆ. ಬೇಸಿಗೆಯಲ್ಲಿ ಸಿಹಿನೀರು ತಗ್ಗುತ್ತದೆ, ಅಘನಾಶಿನಿಯಲ್ಲಿ ಉಬ್ಬರದ ಜೊತೆ ಸಮುದ್ರದ ನೀರು ಮೇಲೇರಿ ಬರುತ್ತದೆ. ಮಳೆ ಹಿಡಿಯುವವರೆಗೆ ಅನ್ನಕ್ಕೂ ಚಹಾಕ್ಕೂ ಪಕ್ಕದ ಕೇರಿಯಿಂದ ನೀರು ಹೊರಬೇಕು. ಮೂವತ್ತು ವರ್ಷ ಹೊತ್ತಿದ್ದೇನೆ.

ಗಿರಾಕಿ ಹನ್ನೊಂದಕ್ಕೆ ಬಂದರು, ಹೆಂಡತಿ, ಪುಟ್ಟ ಮಗುವಿನ ಜೊತೆ. ಕೊಡಪಾನ ಇಳಿಸಿ ನೀರು ಸೇದಿ ಕುಡಿದರು. "ಎಷ್ಟು ಸಿಹಿ!" ಎಂದರು. ಡಿಸೆಂಬರ್ ಅಲ್ವಾ, ಸಿಹಿಯೇ. ದಲ್ಲಾಳಿ ನನ್ನತ್ತ ನೋಡಿ ಸುಮ್ನಿರಿ ಎಂಬಂತೆ ಕೈ ಅಲ್ಲಾಡಿಸಿದರು. ಆ ಹೆಂಗಸು ಮಗುವಿಗೂ ಬೊಗಸೆಯಲ್ಲಿ ನೀರು ಕುಡಿಸುತ್ತಿದ್ದಳು. ಮಗಳ ಬೆಳಗಿನ ದನಿ ಕಿವಿಯಲ್ಲೇ ಇತ್ತು.

"ಏಪ್ರಿಲ್, ಮೇ ತಿಂಗಳಲ್ಲಿ ಇದು ಕುಡಿಯಲು ಆಗುವುದಿಲ್ಲ" ಎಂದೆ. ಎಲ್ಲಿಂದ ನೀರು ತರುತ್ತಿದ್ದೆ, ಎಷ್ಟು ದೂರ, ಎಲ್ಲ ಹೇಳಿದೆ. ದಲ್ಲಾಳಿ ಗೇಟಿನ ಹೊರಗೆ ಹೋಗಿ ನಿಂತರು.

ಗಿರಾಕಿ ಆ ದಿನ ಏನೂ ಹೇಳದೆ ಹೋದರು. ವಾರ ಕಳೆದ ಮೇಲೆ ಫೋನ್ ಮಾಡಿ, ಬೇಸಿಗೆಯ ನೀರನ್ನೇ ಪರೀಕ್ಷೆ ಮಾಡಿಸೋಣ, ಅಲ್ಲಿವರೆಗೆ ಬೇರೆಯವರಿಗೆ ಕೊಡಬೇಡಿ ಎಂದರು. ನಮ್ಮ ದೇಶದ ಮಾನದಂಡದಲ್ಲಿ ಕುಡಿಯುವ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಲೀಟರಿಗೆ 250 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ.

ಈಗ ಬೇಸಿಗೆ ಬಂದಿದೆ. ನಿನ್ನೆ ಉಬ್ಬರ ಏರಿದ ಹೊತ್ತಿಗೆ ಎರಡು ಬಾಟಲಿ ತುಂಬಿಸಿ, ಚೀಟಿ ಅಂಟಿಸಿ, ಲ್ಯಾಬಿಗೆ ಕೊಟ್ಟು ಬಂದೆ.