ಮನೆಯಲ್ಲೇ ಕಟ್ಟಲು ಯಾವ ಕಯಾಕ್ ಡಿಸೈನ್ ಒಳ್ಳೇದು?

ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ನನ್ನ ಮರದ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಸಪೂರ ದೋಣಿ, ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ನನಗೂ ಒಂದು ಕಟ್ಟಬೇಕು ಅಂತ ಆಸೆ, ಯಾವ ಡಿಸೈನ್ ಒಳ್ಳೇದು?" ಜೊತೆಗೆ ಫೋನಿನಲ್ಲಿ ಒಂದು ಫೋಟೋ ತೋರಿಸುತ್ತಾರೆ. ಹದಿನೇಳು ಅಡಿ ಉದ್ದ, ಸೀಡರ್ ಮರದ ಸಪೂರ ಪಟ್ಟಿಗಳನ್ನು ಜೋಡಿಸಿ ಮಾಡಿದ್ದು, ಎರಡೂ ತುದಿ ಚೂಪು. ಚಂದ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಸಮುದ್ರದಲ್ಲಿ ದೂರ ಹೋಗುವವರಿಗೆ ಮಾಡಿದ ಡಿಸೈನ್. ನೀವು ಭಾನುವಾರ ಬೆಳಿಗ್ಗೆ ಶಿರಿಯಾ ಹೊಳೆಯಲ್ಲೋ ವಲಿಯಪರಂಬದ ಹಿನ್ನೀರಿನಲ್ಲೋ ಸುತ್ತುವವರು, ಅಲ್ವಾ?

ಹಾಗಾಗಿ ಮೊದಲು ಫೋಟೋ ಬದಿಗಿಟ್ಟು ತೂಕದ ಮಿಷನ್ ಹತ್ತಿ. ಪ್ರತಿ ಪ್ಲ್ಯಾನಿನಲ್ಲೂ ಎಷ್ಟು ಭಾರಕ್ಕೆ ದೋಣಿ ಮಾಡಿದ್ದು ಅಂತ ಬರೆದಿರುತ್ತದೆ. ನಿಮ್ಮ ತೂಕ 80 ಕಿಲೋ, ದೋಣಿ 20 ಕಿಲೋ, ನೀರು, ಚೀಲ, ಲೈಫ್ ಜಾಕೆಟ್ ಎಲ್ಲ ಸೇರಿ ಹತ್ತು ಕಿಲೋ ಅಂದರೆ 110 ಕಿಲೋ ಆಯಿತು. ಲೆಕ್ಕ ಇದಕ್ಕೆ ಹತ್ತಿರ ಇರುವ ಡಿಸೈನ್ ಬೇಕು. 160 ಕಿಲೋ ಹೊರುವ ದೋಣಿಯಲ್ಲಿ 55 ಕಿಲೋ ಹುಡುಗ ಕೂತರೆ ಅದು ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಗಾಳಿ ಬೀಸಿದ ಕಡೆಗೆ ತಿರುಗುತ್ತದೆ. ದೊಡ್ಡದು ತಗೊಂಡರೆ ಸೇಫ್ ಅನ್ನುವುದು ಸರಿಯಲ್ಲ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನ ತಮ್ಮ ಕಯಾಕನ್ನು ಮೈ ಅಳತೆಯಲ್ಲೇ ಕಟ್ಟುತ್ತಿದ್ದರು. ಉದ್ದ ಸುಮಾರು ಮೂರು ಮಾರು, ಅಗಲ ಸೊಂಟದ ಅಗಲಕ್ಕೆ ಎರಡು ಮುಷ್ಟಿ ಜಾಸ್ತಿ. ಅಪ್ಪನ ಕಯಾಕ್ ಮಗನಿಗೆ ಸರಿಹೋಗಲೇಬೇಕು ಅಂತ ಇರಲಿಲ್ಲ.

ಆಮೇಲೆ ನೀರು. ಅಡೂರಿನ ಕಡೆ ಪಯಸ್ವಿನಿ ಬೇಸಿಗೆಯಲ್ಲಿ ಮೊಣಕಾಲಿನಷ್ಟು ಇರುತ್ತದೆ, ಕಲ್ಲು ಕಾಣುತ್ತದೆ. ಅಲ್ಲಿಗೆ ಗಿಡ್ಡ ದೋಣಿ, ಗಟ್ಟಿ ಅಡಿ ಬೇಕು. ಅದೇ ಹೊಳೆ ಕೆಳಗೆ ಚಂದ್ರಗಿರಿಯಾಗಿ ಅಗಲವಾಗುತ್ತದೆ, ಮಧ್ಯಾಹ್ನದ ಮೇಲೆ ಪಡುಗಾಳಿ ಶುರುವಾದರೆ ಸಣ್ಣ ಸಣ್ಣ ತೆರೆ ಏಳುತ್ತದೆ, ಅಳಿವೆಯ ಹತ್ತಿರ ಇಳಿತದ ಸೆಳೆತವೂ ಸೇರುತ್ತದೆ. ಪೂರ್ತಿ ಚಪ್ಪಟೆ ಅಡಿಯ ದೋಣಿ ಕೂತ ಕೂಡಲೇ ಅಲುಗಾಡದೆ ನಿಂತಿರುತ್ತದೆ, ಧೈರ್ಯ ಬರುತ್ತದೆ, ಆದರೆ ಪಕ್ಕದಿಂದ ತೆರೆ ಬಂದಾಗ ಆ ತೆರೆಯ ಜೊತೆಗೇ ವಾಲುತ್ತದೆ. ಅಡಿ ಮತ್ತು ಬದಿಗಳ ನಡುವೆ ಇನ್ನೊಂದು ಓರೆ ಹಲಗೆ ಇರುವ ಡಿಸೈನ್, ಅಂದರೆ ಮಲ್ಟಿ ಚೈನ್, ಮೊದಲು ಸ್ವಲ್ಪ ಅಲುಗಿದರೂ ವಾಲಿದಾಗ ಹಿಡಿದುಕೊಳ್ಳುತ್ತದೆ. ಕಲಿಯುವವರಿಗೂ ಇದೇ ಒಳ್ಳೇದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಡನ್ನ, ವಲಿಯಪರಂಬದ ಕಡೆ ಹೋಗುವವರು ಚುಕ್ಕಾಣಿ ಇರುವ ಡಿಸೈನ್ ತಗೋಬೇಡಿ. ಅಲ್ಲಿ ಕಲ್ಲುಮ್ಮಕಾಯಿ (ತಿನ್ನುವ ಚಿಪ್ಪುಜೀವಿ) ಸಾಕುವವರು ನೀರಲ್ಲಿ ಕಂಬ ನೆಟ್ಟು ಹಗ್ಗ ಇಳಿಬಿಟ್ಟಿರುತ್ತಾರೆ. ಸಿಕ್ಕಿಕೊಂಡರೆ ಅವರ ಬೆಳೆಯೂ ಹಾಳು.

ಉದ್ದ ಜಾಸ್ತಿ ಇದ್ದರೆ ಸ್ಪೀಡ್ ಜಾಸ್ತಿ ಅಲ್ವಾ ಅಂತ ಕೇಳುತ್ತಾರೆ. ಹೌದು. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತಗೊಂಡು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸುಮಾರಾಗಿ ಎಷ್ಟು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದ ತನಕ ಸಲೀಸಾಗಿ ಹೋಗಬಹುದು ಅಂತ ಸಿಗುತ್ತದೆ. 12 ಅಡಿಗೆ ಗಂಟೆಗೆ 8.6 ಕಿಲೋಮೀಟರ್, 16 ಅಡಿಗೆ 9.9. ನಾವು ಆರಾಮವಾಗಿ ಹುಟ್ಟು ಹಾಕುವುದು ಐದಾರು ಕಿಲೋಮೀಟರ್ ವೇಗದಲ್ಲಿ. ಆ ವ್ಯತ್ಯಾಸ ನಮಗೆ ಸಿಗುವುದೇ ಇಲ್ಲ, ಆದರೆ ಹದಿನಾರು ಅಡಿಯನ್ನು ಮನೆಯಿಂದ ಕಡವಿನ ತನಕ ಹೊರುವ ಕಷ್ಟ ಮಾತ್ರ ಪೂರ್ತಿ ಸಿಗುತ್ತದೆ.

ಕಟ್ಟುವ ಕ್ರಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪಟ್ಟಿ ಜೋಡಿಸುವ ಕ್ರಮಕ್ಕೆ ಸುಮಾರು 6 ಮಿಲಿಮೀಟರ್ ದಪ್ಪದ, ಗಂಟಿಲ್ಲದ ಹಗುರ ಮರದ ಉದ್ದ ಪಟ್ಟಿ ಬೇಕು, ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು. ಚೌಕಟ್ಟು ಕಟ್ಟಿ ಮೇಲೆ ಬಟ್ಟೆ ಹೊದೆಸುವ ಕ್ರಮ ತುಂಬ ಹಗುರ, ಖರ್ಚೂ ಕಡಿಮೆ, ಆದರೆ ಚಿಪ್ಪು ಇರುವ ನಮ್ಮ ಹಿನ್ನೀರಿಗೆ ನನಗೆ ಅದರ ಮೇಲೆ ಭರವಸೆ ಇಲ್ಲ. ಮೊದಲ ದೋಣಿಗೆ ನಾನು ಹೇಳುವುದು ಸ್ಟಿಚ್ ಅಂಡ್ ಗ್ಲೂ. 4 ಮಿಲಿಮೀಟರ್ ಪ್ಲೈವುಡ್ ಹಾಳೆಗಳನ್ನು ಪ್ಲ್ಯಾನಿನ ಅಳತೆಗೆ ಕತ್ತರಿಸಿ, ಅಂಚಿನ ಉದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿಯುವುದು. ಇಕ್ಕಳದಲ್ಲಿ ತಂತಿ ತಿರುಚುತ್ತಾ ಹೋದ ಹಾಗೆ ನೆಲದಲ್ಲಿ ಚಪ್ಪಟೆ ಮಲಗಿದ್ದ ಹಾಳೆಗಳು ಎದ್ದು ದೋಣಿಯ ಆಕಾರಕ್ಕೆ ಬರುತ್ತವೆ. ಅಂಟು ಹಾಕುವ ಮೊದಲು ಮುಂದೊಂದು, ಹಿಂದೊಂದು ನೇರ ಕೋಲನ್ನು ಅಡ್ಡ ಇಟ್ಟು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಕೋಲು ಒಂದೇ ಗೆರೆಯಲ್ಲಿ ಕಂಡರೆ ದೋಣಿ ತಿರುಚಿಲ್ಲ. ಆಮೇಲೆ ಎಪಾಕ್ಸಿಗೆ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ನಯವಾದ ಮರದ ಹುಡಿ ಕಲಸಿ ಒಳಗಿನ ಸಂದಿಗೆ ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಹಾಕುವುದು, ಗಟ್ಟಿಯಾದ ಮೇಲೆ ತಂತಿ ಕಿತ್ತು ಹೊರಗಿನ ಅಂಚಿಗೂ ಹಾಗೆಯೇ ಗ್ಲಾಸ್ ಹಾಕುವುದು. 1963ರಲ್ಲಿ ಇಂಗ್ಲೆಂಡಿನ ಡೈಲಿ ಮಿರರ್ ಪತ್ರಿಕೆಯ ಬೆಂಬಲದಲ್ಲಿ ಬಂದ ಮಿರರ್ ಎಂಬ ಹಾಯಿದೋಣಿಯಿಂದ ಈ ಕ್ರಮ ಮನೆಮನೆಗೆ ಹೋಯಿತು. ನಮ್ಮ ಮಲಬಾರ್ ಕರಾವಳಿಯಲ್ಲಿ ಅದಕ್ಕೆ ಎಷ್ಟೋ ಮೊದಲೇ ಮೊಳೆ ಇಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದರು, ಅಲ್ಲಿ ಹೊಲಿಗೆಯೇ ಕೊನೆಯ ತನಕ ದೋಣಿಯನ್ನು ಹಿಡಿದಿರುತ್ತಿತ್ತು. ಹಾಗಾಗಿ ಊರಿನ ಹಳೇ ಆಚಾರಿಗಳಿಗೆ ಈ ಕೆಲಸ ವಿವರಿಸಲು ಜಾಸ್ತಿ ಹೊತ್ತು ಬೇಡ.

ಪ್ಲೈವುಡ್ ಮಾತ್ರ ಐಎಸ್ 710 (ಭಾರತೀಯ ಮಾನಕದ ನಂಬರ್) ಅಂತ ಪೂರ್ತಿ ಮುದ್ರೆ ಇರುವ, ನೀರು ತಡೆಯುವ ಮರೀನ್ ಪ್ಲೈಯೇ ಆಗಬೇಕು. ಐಎಸ್ 303ರ ಸಾದಾ ಪ್ಲೈ ಕಪಾಟಿಗೆ ಸರಿ. ಮುದ್ರೆ ನೋಡಿ ಸುಮ್ನೆ ನಂಬಬೇಡಿ, ಒಂದು ತುಂಡು ಕತ್ತರಿಸಿ ಹಳೇ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಪದರ ಬಿಟ್ಟರೆ ಅಂಗಡಿಗೆ ವಾಪಸ್. ಕತ್ತರಿಸಿದ ಅಂಚಿನಲ್ಲಿ ಒಳಗೆ ಪೊಳ್ಳು ಇದೆಯಾ ಅಂತಲೂ ನೋಡಿ. ಇನ್ನೊಂದು ವಿಷಯ, ವಿದೇಶದ ಪ್ಲ್ಯಾನುಗಳ ತೂಕದ ಲೆಕ್ಕ ಹೆಚ್ಚಾಗಿ ಒಕುಮೆ ಎಂಬ ಹಗುರ ಮರದ ಪ್ಲೈ ಮೇಲೆ ಇರುತ್ತದೆ. ಇಲ್ಲಿ ಸಿಗುವ ಗರ್ಜನ್ ಪ್ಲೈ ಅದಕ್ಕಿಂತ ಭಾರ. ದೋಣಿಯ ತೂಕ ಕೆಲವು ಕಿಲೋ ಜಾಸ್ತಿ ಅಂತ ಮೊದಲೇ ಹಿಡಿದುಕೊಳ್ಳಿ.

ಹಾಳೆ ಎಂಟು ಅಡಿ ಉದ್ದ. ಎರಡನ್ನು ಜೋಡಿಸಿದರೆ ಹದಿನಾರಕ್ಕೆ ಸ್ವಲ್ಪ ಕಡಿಮೆ. ಅಷ್ಟರೊಳಗೆ ಮುಗಿಯುವ ಡಿಸೈನಿಗೆ ಪ್ರತಿ ಹಲಗೆಗೆ ಒಂದೇ ಜೋಡಣೆ ಸಾಕು, ಅದಕ್ಕಿಂತ ಉದ್ದ ಹೋದರೆ ಎರಡು.

ಹಾಗಾದರೆ ನನ್ನ ಉತ್ತರ ಏನು? ಸಾಧಾರಣ ಮೈಕಟ್ಟಿನವರಿಗೆ 12ರಿಂದ 14 ಅಡಿ ಉದ್ದ, 26ರಿಂದ 28 ಇಂಚು ಅಗಲ, ಮಲ್ಟಿ ಚೈನ್, ಸ್ಟಿಚ್ ಅಂಡ್ ಗ್ಲೂ. ಕೂರುವ ಬಾಯಿ ದೊಡ್ಡದಿರಲಿ. ತಣ್ಣನೆ ದೇಶದವರು ಸೊಂಟಕ್ಕೆ ಬಿಗಿಯಾಗುವ ಸಣ್ಣ ಬಾಯಿ ಇಡುತ್ತಾರೆ, ನಮ್ಮ ಏಪ್ರಿಲ್ ಸೆಕೆಗೆ ಅದರಲ್ಲಿ ಕಾಲು ಬೇಯುತ್ತದೆ, ಮಗುಚಿದರೆ ಹೊಸಬರಿಗೆ ಹೊರಗೆ ಬರಲೂ ಕಷ್ಟ. ಮುಂದೆ ಹಿಂದೆ ಎರಡೂ ಕಡೆ ಮುಚ್ಚಿದ ಗಾಳಿ ಕೋಣೆ ಇರುವ ಪ್ಲ್ಯಾನನ್ನೇ ತಗೊಳ್ಳಿ, ನೀರು ತುಂಬಿದರೂ ದೋಣಿ ಮುಳುಗಬಾರದು.

ಪ್ಲ್ಯಾನ್ ತಗೊಂಡ ಮೇಲೆ ಮೊದಲು ದಪ್ಪ ಕಾಗದದಲ್ಲಿ ಹತ್ತರಲ್ಲಿ ಒಂದಂಶ ಅಳತೆಯ ಮಾದರಿ ಮಾಡಿ ಟೇಪ್ ಅಂಟಿಸಿ ನೋಡಿ. ಪೂರ್ತಿ ಅಳತೆಯ ಹಾಳೆ ಪ್ರಿಂಟ್ ಹಾಕಿಸಿದರೆ ಅದರಲ್ಲಿರುವ ಅಳತೆ ಗೆರೆಯನ್ನು ಸ್ಕೇಲ್ ಇಟ್ಟು ಪರೀಕ್ಷಿಸಿ, ಅಂಗಡಿಯವರು ಕಾಗದಕ್ಕೆ ಸರಿಹೊಂದಿಸಲು ಕುಗ್ಗಿಸಿರಬಹುದು. ಎಪಾಕ್ಸಿ ಕೆಲಸ ಮಳೆಗಾಲದಲ್ಲಿ ಬೇಡ, ಡಿಸೆಂಬರಿನಿಂದ ಫೆಬ್ರವರಿ ಒಳ್ಳೇದು. ಕೊನೆಗೆ ಬಣ್ಣ. ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಮೇಲೆ ಯುವಿ ತಡೆಯುವ ವಾರ್ನಿಷ್ ಅಥವಾ ಪೇಂಟ್ ಬೇಕೇ ಬೇಕು. ಮರದ ಚಂದ ಕಾಣಬೇಕು ಅಂತಿದ್ದರೆ ಮೇಲ್ಭಾಗಕ್ಕೆ ಮಾತ್ರ ವಾರ್ನಿಷ್ ಹಾಕಿ, ಅಡಿಗೆ ಬಿಳಿ ಪೇಂಟ್ ಹೊಡೆಯಿರಿ.